ಹವಾಲ್ದಾರನಾಗಿಯೇ ಬಂದವನು

ನಮ್ಮ ಹುಣಸೂರಿನ ಕಡೆಯವರ ಲೆಕ್ಕದಲ್ಲಿ ಸೈನ್ಯದಲ್ಲಿರುವುದು ಎರಡೇ ದರ್ಜೆ. ಒಂದು ಮಿಲಿಟ್ರಿ, ಇನ್ನೊಂದು ಕರ್ನಲ್. ಊರಿನಿಂದ ಸೇರಿದವರೆಲ್ಲ ಮಿಲಿಟ್ರಿ. ಕೊಡಗಿನಿಂದ ಜೀಪಿನಲ್ಲಿ ಬಂದು, ಅಂಗಡಿ ಮುಂದೆ ಕೆಳಗಿಳಿಯದೆಯೇ ಹಾರ್ನ್ ಹೊಡೆದು ಗೊಬ್ಬರದ ಚೀಲ ಹಾಕಿಸಿಕೊಂಡು ಹೋಗುವ ಬಿಳಿ ಮೀಸೆಯ ತೋಟದ ಯಜಮಾನರೆಲ್ಲ ಕರ್ನಲ್. ನಡುವಿನ ಮೆಟ್ಟಿಲುಗಳು ನಮಗೆ ಗೊತ್ತಿಲ್ಲ. ಕೇಳಿ ಗೊತ್ತಿರುವ ಒಂದೇ ಹೆಸರು ಹವಾಲ್ದಾರ್. ಅದೂ ಠಾಣೆಯಲ್ಲಿ ಸಾಹೇಬರಿಗೆ ಟೀ ತರುವವನದು ಎಂದು ಎಲ್ಲರ ತಿಳಿವಳಿಕೆ.

ನನ್ನ ತಮ್ಮ ಸೈನ್ಯದಿಂದ ನಿವೃತ್ತನಾದದ್ದು ಹವಾಲ್ದಾರನಾಗಿ. ಸಿಪಾಯಿಯಾಗಿ ಸೇರಿದವನು ತೋಳಿಗೆ ಒಂದೊಂದೇ ಪಟ್ಟಿ ಏರಿಸಿಕೊಳ್ಳಲು ಎಷ್ಟು ಪರೀಕ್ಷೆ ಬರೆದ, ಎಷ್ಟು ಹಿಮ ತಿಂದ ಎಂಬುದು ನನಗೂ ಪೂರ್ತಿ ಗೊತ್ತಿಲ್ಲ. ಹವಾಲ್ದಾರನ ಮೂರನೆಯ ಪಟ್ಟಿ ಬಂದ ದಿನ ಫೋನು ಮಾಡಿ, ಮಾತೇ ಆಡದೆ ಸುಮ್ಮನೆ ನಗುತ್ತಿದ್ದ. ನಾನು ಗಾಬರಿಯಾಗಿ, ತಲೆಗೇನಾದರೂ ಪೆಟ್ಟು ಬಿತ್ತೇನೋ ಎಂದು ಕೇಳಿದ್ದೆ.

ಈಗೆಲ್ಲ ಯೋಧ ಊರಿಗೆ ಮರಳಿದರೆ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡುವ ಪದ್ಧತಿ ಬಂದಿದೆ. ನಮ್ಮೂರಿನ ಯುವಕರ ಸಂಘದ ಅಧ್ಯಕ್ಷನಿಗೆ ಪಂಚಾಯ್ತಿ ಚುನಾವಣೆಯ ಮೇಲೆ ಕಣ್ಣಿತ್ತು. ಹಾಗಾಗಿ ಜೀಪು, ತಮಟೆ, ಫ್ಲೆಕ್ಸು ಎಲ್ಲ ಅವನದೇ. ನನ್ನದು ಚಿಂತೆ. ಮಳೆ ಬಂದರೆ? ಜೀಪು ಕೆಟ್ಟರೆ? ಹಾರದ ಗುಂಡುಸೂಜಿ ತಮ್ಮನ ಕುತ್ತಿಗೆಗೆ ಚುಚ್ಚಿದರೆ? ಎಲ್ಲರ ತಲೆ ತಿಂದಿಟ್ಟಿದ್ದೆ. ಅಧ್ಯಕ್ಷ ಮೊಬೈಲಿನಲ್ಲಿ ಫ್ಲೆಕ್ಸಿನ ನಮೂನೆ ತೋರಿಸಿದಾಗ ತಮ್ಮನ ಹೆಸರಿನ ಹಿಂದೆ 'ಕರ್ನಲ್' ಎಂದಿತ್ತು.

"ಇದು ತಪ್ಪು ಕಣಪ್ಪಾ. ಅವನು ಹವಾಲ್ದಾರ್," ಎಂದೆ.

"ಗೊತ್ತು ಬುಡಿ ಮೇಷ್ಟ್ರೇ. ಅವಾಲ್ದಾರ್ ಅಂತ ಆಕುದ್ರೆ ಮೆರವಣಿಗೆಗೆ ಯಾರ್ ಬತ್ತಾರೆ? ಪಕ್ಕದೂರೋರು ಆಡ್ಕತಾರೆ."

"ನಾಳೆ ಏನಾದ್ರೂ ತೊಂದರೆ ಆದ್ರೆ?"

"ನಿಮ್ಗೆ ಸೂಜಿ ಚುಚ್ಚುದ್ರೂವೆ ತೊಂದ್ರೆನೆ."

ಸುತ್ತ ಇದ್ದವರು ನಕ್ಕರು. ನನ್ನ ಜೀವಮಾನದ ಚಿಂತೆಗಳಲ್ಲಿ ನಿಜವಾಗಲಿದ್ದದ್ದು ಬಹುಶಃ ಅದೊಂದೇ. ಅದನ್ನೂ ಗುಂಡುಸೂಜಿಯ ಜೊತೆ ಸೇರಿಸಿ ಪಕ್ಕಕ್ಕಿಟ್ಟರು. ತಮ್ಮನಿಗೆ ಫೋನು ಮಾಡಿದೆ.

"ತಗ್ಸ್‌ಬುಡು ಅಣ್ಣ ಅದ್ನ," ಅಂದ. "ನಂಗ್ ಜೀಪೂ ಬ್ಯಾಡ, ಹಾರಾನೂ ಬ್ಯಾಡ. ನಾನ್ ಏನಾಗಿದ್ನೋ ಅದ್ನ ಹೇಳಿ ಕರುದ್ರೆ ಸಾಕು."

ತೆಗೆಸುವುದು ನನ್ನ ಕೈಲಾಗಲಿಲ್ಲ. ಬೆಟ್ಟದಪುರದ ರಸ್ತೆಯ ತಿರುವಿನಲ್ಲಿ ಫ್ಲೆಕ್ಸ್ ಎದ್ದು ನಿಂತಿತು. ಅಧ್ಯಕ್ಷನ ಮುಖ ದೊಡ್ಡದು, ತಮ್ಮನದು ಅದಕ್ಕಿಂತ ಚಿಕ್ಕದು. ಸಾಲದ್ದಕ್ಕೆ ಕಂಪ್ಯೂಟರಿನಲ್ಲಿ ಅವನ ಹೆಗಲಿಗೆ ನಕ್ಷತ್ರಗಳನ್ನೂ ಅಂಟಿಸಿದ್ದರು.

ಮಳೆ ಬರಲಿಲ್ಲ, ಜೀಪು ಕೆಡಲಿಲ್ಲ. ಮೆರವಣಿಗೆ ಶಾಲೆಯ ಮೈದಾನ ತಲುಪಿ, ಶಾಲು ಹೊದಿಸಿದ ಮೇಲೆ ತಮ್ಮ ಮೈಕು ಹಿಡಿದ.

"ನಾನು ಕರ್ನಲ್ ಅಲ್ಲ. ಕರ್ನಲ್ ಅಂದ್ರೆ ಇಡೀ ಪಲ್ಟನ್‌ಗೆ ಯಜಮಾನ್ರು. ನಾನು ಹವಾಲ್ದಾರ್. ಅದನ್ನ ದುಡುದು ತಗೊಂಡಿದ್ದೀನಿ. ಅಂಗೇ ಕರೀರಿ."

ಚಪ್ಪಾಳೆ ಬೀಳಲಿಲ್ಲ. ಅಧ್ಯಕ್ಷ ಮೈಕು ಕಿತ್ತುಕೊಂಡು, "ನಮ್ ಕರ್ನಲ್ ಸಾಹೇಬ್ರು ಎಷ್ಟು ಸರಳ ನೋಡಿ," ಎಂದ. ಆಗ ಬಿತ್ತು.

ಮರುದಿನ ಟೀ ಅಂಗಡಿಯ ಒಳಬೆಂಚಿನಲ್ಲಿ ನಾನು ಕೂತಿದ್ದು ಕಾಣದೆ ಹೊರಗೆ ಇಬ್ಬರು ಮಾತಾಡುತ್ತಿದ್ದರು.

"ಕರ್ನಲ್ ಆಗಿದ್ದೋನ್ನ ಅವಾಲ್ದಾರ್‌ಗೆ ಇಳ್ಸವ್ರಂತೆ ಕಣ್ಲಾ. ಅವ್ನೇ ಮೈಕಲ್ ಒಪ್ಕಂಡ್ನಲ್ಲ."

"ಏನ್ ಮಾಡಿದ್ನಂತ್ಲಾ?"

"ಬಂದೂಕ ಗಿಂದೂಕ ಮಾರ್ಕಂಡನೇನೋ. ಸುಮ್ಕೆ ಇಳುಸ್ತಾರಾ?"

ನಾನು ಹೊರಗೆ ಬಂದು ಸಿಪಾಯಿ, ನಾಯಕ್, ಹವಾಲ್ದಾರ್ ಎಂದು ಬೆರಳು ಮಡಿಸುತ್ತ ಪಾಠ ಮಾಡಿದೆ. ಕರ್ನಲ್ ಆಗುವವರು ಬೇರೆ ಬಾಗಿಲಿನಿಂದಲೇ ಸೇರುತ್ತಾರೆ, ಇವನು ಆ ಮೆಟ್ಟಿಲು ತುಳಿದವನೇ ಅಲ್ಲ, ಇನ್ನು ಇಳಿಸುವುದೆಲ್ಲಿಂದ ಎಂದೆ. ಇಬ್ಬರೂ ಮರ್ಯಾದೆಯಿಂದ ಕೇಳಿಸಿಕೊಂಡರು. "ಒಡಹುಟ್ಟಿದೋರು ಅಂಗೇ ಹೇಳ್ಬೇಕು ಬುಡಿ ಮೇಷ್ಟ್ರೇ," ಎಂದ ಒಬ್ಬ. ಮತ್ತೆ ತಿದ್ದುವ ಆತುರದಲ್ಲಿ ಕೈಲಿದ್ದ ಟೀ ಅಂಗಿಯ ಮೇಲೆ ಚೆಲ್ಲಿಕೊಂಡೆ. ಅದನ್ನೂ ಅವರು ಸಾಕ್ಷಿಯೆಂದೇ ತಿಳಿದಿರಬೇಕು.

ಸೈನ್ಯಕ್ಕೆ ಸೇರಬಯಸುವ ಹುಡುಗರಿಗೆ ಮೈದಾನದಲ್ಲಿ ಓಟ ಕಲಿಸಬೇಕೆಂದು ತಮ್ಮ ಬಂದಾಗಿನಿಂದ ಹೇಳುತ್ತಿದ್ದ. ಶುರುವಿನಲ್ಲಿ ಹುಡುಗರು ಬಂದರು. ಸುದ್ದಿ ಹಬ್ಬಿದಂತೆ ಒಬ್ಬೊಬ್ಬರೇ ಬರುವುದು ನಿಲ್ಲಿಸಿದರು. ಅವನು ಒಬ್ಬನೇ ಮೈದಾನ ಸುತ್ತಿ ಮನೆಗೆ ಬರುತ್ತಿದ್ದ.

ಒಂದು ಮಧ್ಯಾಹ್ನ ಅವ್ವ, ತಮ್ಮ, ನಾನು ಮೂವರೂ ಎಲೆ ಒಣಗಿಸುವ ಬ್ಯಾರನ್ ಪಕ್ಕದ ಚಪ್ಪರದಲ್ಲಿ ಕೂತು ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದೆವು. ಅವ್ವ ತಲೆ ಎತ್ತದೆ ಕೇಳಿದಳು.

"ನಿಜ ಹೇಳು ಮಗ. ನಾನ್ ಯಾರ್ಗೂ ಹೇಳಕಿಲ್ಲ. ಏನ್ ತಪ್ ಮಾಡ್ದೆ ಅಲ್ಲಿ?"

ತಮ್ಮನ ಕೈ ನಿಂತಿತು. ಅವನು ನನ್ನ ಕಡೆ ನೋಡಿದ. ನಾನು ಎಲೆಗಳನ್ನು ನೋಡಿದೆ. ಊರು ಕೇಳಿದರೆ ಊರಿಗೊಂದು ಉತ್ತರವಿರುತ್ತದೆ. ಹೆತ್ತವಳೇ ಕೇಳಿದರೆ?

"ಕರ್ನಲ್ ಮಾಡ್ತೀವಿ ಅಂದ್ರು ಕಣವ್ವ," ಎಂದ ಕೊನೆಗೆ. "ಇನ್ನೂ ಬಾಳ ವರ್ಸ ಅಲ್ಲೇ ಇರ್ಬೇಕು ಅಂದ್ರು. ನಿನ್ ಜೊತೆ ಇರವ ಅಂತ ಬ್ಯಾಡ ಅಂದ್ಬುಟ್ಟು ಬಂದೆ."

ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಯಾರಿಗೂ ಹೇಳುವುದಿಲ್ಲ ಎಂದವಳು ಸಂಜೆಯೊಳಗೆ ಇಡೀ ಬೀದಿಗೆ ಹೇಳಿದ್ದಳು. ತಾಯಿಗೋಸ್ಕರ ಕರ್ನಲ್ಗಿರಿ ಬಿಟ್ಟು ಬಂದವನು ಎಂದರೆ ಯಾರಿಗೆ ಬೇಡ? ಕೆಲವೇ ದಿನಗಳಲ್ಲಿ ಹುಡುಗರನ್ನು ಅವರ ಅಪ್ಪಂದಿರೇ ಬೈಕಿನಲ್ಲಿ ತಂದು ಬಿಡತೊಡಗಿದರು.

ನನಗೆ ಎಂದಿನಂತೆ ಚಿಂತೆ ಹತ್ತಿತು. ಮೈದಾನದ ಅಂಚಿನಲ್ಲಿ ಅವನನ್ನು ಹಿಡಿದು, "ನಾಳೆ ಯಾರಾದ್ರೂ ತಿಳಿದೋರು ಬಂದು ವಿಚಾರಿಸಿದ್ರೆ ಏನೋ ಮಾಡ್ತೀಯ?" ಎಂದೆ.

"ಯಾರ್ ವಿಚಾರುಸ್ತಾರೆ ಅಣ್ಣ? ನಿಜ ಹೇಳ್ದಾಗ್ಲೇ ಅಲ್ವಾ ಎಲ್ರೂ ವಿಚಾರ್ಸಿದ್ದು," ಎಂದ.

ಅಷ್ಟರಲ್ಲಿ ಒಬ್ಬ ಹುಡುಗ ಆ ಕಡೆಯಿಂದ "ಕರ್ನಲ್ ಸಾರ್" ಎಂದು ಕೂಗಿದ. ತಮ್ಮ ತಿದ್ದಲಿಲ್ಲ, ಸೀಟಿ ಬಾಯಿಗಿಟ್ಟುಕೊಂಡು ಹೋದ.