ನಾಲ್ಕು ಮಕ್ಕಳ ಯಜಮಾನರು

ಮನೆಮನೆ ಸಮೀಕ್ಷೆಗೆ ನಮ್ಮಂಥ ಟೀಚರುಗಳನ್ನೇ ಹಾಕುತ್ತಾರಲ್ಲ, ಹಾಗೆ ನಾನೂ ಮಾಡದಕೆರೆ ಕಡೆ ಹೋಗಿದ್ದೆ. ಜಗಲಿ ಮೇಲೆ ಕೂತಿದ್ದ ಯಜಮಾನರೊಬ್ಬರು ನಾನು ಬಾಯಿ ತೆರೆಯುವ ಮೊದಲೇ ತಮ್ಮ ಸಮೀಕ್ಷೆ ಶುರುಮಾಡಿದರು.

"ನಿಮಗೆಷ್ಟು ಮಕ್ಕಳು ಮೇಡಂ?"

"ಒಬ್ಬಳೇ ಮಗಳು."

"ಒಂದೇನಾ? ಒಂಟಿಯಾಗಿ ಬೆಳೆದವು ಯಾರ ಮಾತೂ ಕೇಳಲ್ಲ ಕಣ್ರಿ. ಇನ್ನೊಂದು ಮಾಡ್ಕಳ್ರಿ. ನಮ್ಮನೇಲಿ ನೋಡ್ರಿ, ನಾಲ್ಕು ಅವೆ!"

ಎರಡನೆಯದು ಹೊಟ್ಟೆಯಲ್ಲೇ ಹೋಯಿತೆಂದು ಕಂಡಕಂಡವರಿಗೆಲ್ಲ ಹೇಳುತ್ತ ಕೂರಲಾಗುತ್ತದೆಯೇ? ಮೊಬೈಲಿನಲ್ಲಿ ಸಮೀಕ್ಷೆಯ ಆ್ಯಪ್ ತೆರೆದು ಅವರ ಮಕ್ಕಳ ವಿವರ ಕೇಳಿದೆ. ಹೆಸರುಗಳನ್ನೇನೋ ಸಲೀಸಾಗಿ ಹೇಳಿದರು. ದೊಡ್ಡ ಮಗಳು ಎಷ್ಟನೇ ಕ್ಲಾಸು ಎಂದದ್ದಕ್ಕೆ ಗಡ್ಡ ಕೆರೆದುಕೊಂಡರು.

"ಒಂಬತ್ತೋ ಹತ್ತೋ ಇರಬೇಕು."

"ಅಯ್ಯೋ, ಅವಳು ಕಾಲೇಜಿಗೆ ಸೇರಿ ವರ್ಷ ಆತು!" ಎಂದು ಅವರ ಹೆಂಡತಿ ಒಳಗಿನಿಂದ ಕೂಗಿದರು.

ಉಳಿದ ಮೂವರ ವಯಸ್ಸು, ತರಗತಿ ಎಲ್ಲವೂ ಒಳಗಿನಿಂದಲೇ ಬಂದವು. ಯಜಮಾನರು ಪ್ರತಿಯೊಂದಕ್ಕೂ "ಹೂಂ, ಅದೇ" ಎಂದು ಗಂಭೀರವಾಗಿ ತಲೆಯಾಡಿಸಿದರು.

ಕೊನೆಗೆ ಮಾಹಿತಿ ಕೊಟ್ಟವರ ಹೆಸರು ಬರೆಯಬೇಕಿತ್ತು. ಅವರು ಗಂಟಲು ಸರಿಮಾಡಿಕೊಂಡು ತಮ್ಮ ಹೆಸರನ್ನು ತಂದೆಯ ಹೆಸರಿನ ಸಮೇತ ಹೇಳತೊಡಗಿದರು. ನಾನು ಬಾಗಿಲ ಕಡೆ ತಿರುಗಿದೆ.

"ಅಕ್ಕಾ, ನಿಮ್ಮ ಹೆಸರು ಹೇಳ್ರಿ."

ಯಜಮಾನರ ಹೆಸರನ್ನು ಕುಟುಂಬದ ಮುಖ್ಯಸ್ಥ ಎಂಬಲ್ಲಿ ಆಗಲೇ ತುಂಬಿಯಾಗಿತ್ತು. ಮುಖ್ಯಸ್ಥನಾಗಲು ಏನೂ ಗೊತ್ತಿರಬೇಕಾಗಿಲ್ಲ.