ಎದುರು ಮನೆಯ ಅಣ್ಣನ ರಾಜೀನಾಮೆ

ಕಳೆದ ವಾರ ಹಳೆಯ ಟ್ರಂಕ್ ಖಾಲಿ ಮಾಡುವಾಗ ಕಾರ್ಬನ್ ಕಾಗದದ ಪೊಟ್ಟಣವೊಂದು ಸಿಕ್ಕಿತು. ಬಿಚ್ಚಿದೊಡನೆ ಎಣ್ಣೆ ಬೆರೆತ ಆ ಮಸಿಯ ವಾಸನೆ... ಜಯನಗರದ ನಮ್ಮ ಎದುರು ಮನೆಯ ಅಣ್ಣ ನೆನಪಾದರು. ಅವರು ನೆನಪಾದಾಗಲೆಲ್ಲ ನನಗೆ ಮೊದಲು ಬರುವುದು ಸಿಟ್ಟು.

ಅದು ಎಪ್ಪತ್ತರ ದಶಕದ ಕೊನೆ. ಅವರ ತಾತ ಸಂಸ್ಥಾನದ ಕಾಲದಲ್ಲೇ ರಾಜಕೀಯಕ್ಕೆ ಇಳಿದವರು, ತಂದೆ ಮಂತ್ರಿಯಾಗಿದ್ದವರು. ಅಣ್ಣ ಕಾರ್ಪೊರೇಟರ್ ಆದದ್ದೂ ಆ ಹೆಸರಿನ ಬಲದಿಂದಲೇ. ಆದರೆ ಗೆದ್ದ ಮೇಲೆ ದುಡಿದದ್ದು ಮಾತ್ರ ಅವರೇ. ಆಗಷ್ಟೇ ಟೈಪಿಂಗ್ ಸೀನಿಯರ್ ಪಾಸು ಮಾಡಿ ಮನೆಯಲ್ಲಿದ್ದ ನಾನು ಅವರ ಪತ್ರಗಳನ್ನೆಲ್ಲ ಟೈಪ್ ಮಾಡಿಕೊಡುತ್ತಿದ್ದೆ.

ಹೆಚ್ಚಿನವುಗಳಲ್ಲಿ ಒಂದೇ ವಿಷಯ: ಕತ್ರಿಗುಪ್ಪೆ ಕಡೆಯ ಒಂದು ಕಾಲೋನಿಗೆ ಕುಡಿಯುವ ನೀರು. ಅಲ್ಲಿನ ಹೆಂಗಸರು ದೂರದ ಬಾವಿಯಿಂದ ನೀರು ಹೊರುತ್ತಿದ್ದರು. ಒಂದು ಬೆಳಿಗ್ಗೆ ಅಣ್ಣನೂ ಕೊಡ ಹೊತ್ತು ಅವರೊಂದಿಗೆ ನಡೆದರು. ಫೋಟೋ ತೆಗೆಯುವವರನ್ನು ಕರೆದಿರಲಿಲ್ಲ. ಎರಡು ವರ್ಷ ಅಲೆದು ಪೈಪ್‌ಲೈನ್ ಮಂಜೂರು ಮಾಡಿಸಿದರು. ಪೈಪುಗಳು ಬಂದು ಕಾಲೋನಿಯ ರಸ್ತೆ ಬದಿಯಲ್ಲಿ ಬಿದ್ದವು. ತಿಂಗಳಾಗುವಷ್ಟರಲ್ಲಿ ಲಾರಿಯೊಂದು ಬಂದು ಅವನ್ನೆಲ್ಲ ಹೇರಿಕೊಂಡು ಹೋಯಿತು. ಅಣ್ಣನ ತಂದೆಯ ಒಂದು ಮಾತಿಗೆ ಲೈನು ಬೇರೆ ಬಡಾವಣೆಗೆ ತಿರುಗಿತ್ತು. ಅಲ್ಲಿ ಇವರ ಬಂಧುಗಳ ಸೈಟುಗಳಿದ್ದವು. ಒಂದು ಮನೆಯೂ ಎದ್ದಿರಲಿಲ್ಲ.

ಅವತ್ತು ಅಣ್ಣ ನೇರ ನಮ್ಮ ಮನೆಗೆ ಬಂದರು.

"ರಾಜೀನಾಮೆ ಟೈಪ್ ಮಾಡಮ್ಮ. ಕಾರಣ ಪೂರ್ತಿ ಹಾಕು. ಪೇಪರ್‌ನವರಿಗೂ ಒಂದು ಕಾಪಿ ಇರ್ಲಿ."

ಹೆಮ್ಮೆಗೆ ನನ್ನ ಬೆರಳುಗಳು ತಪ್ಪು ಕೀಲಿ ಒತ್ತುತ್ತಿದ್ದವು. ಸಹಿ ಹಾಕಿ, ಜುಬ್ಬಾದ ಜೇಬಿಗಿಟ್ಟುಕೊಂಡು, "ಅಪ್ಪಾಜಿಗೆ ಒಂದ್ ಮಾತು ಹೇಳಿ ಹೊರಡ್ತೀನಿ" ಎಂದು ರಸ್ತೆ ದಾಟಿದರು.

ಸಂಜೆ ನೋಡಿದರೆ ವರಾಂಡದಲ್ಲೇ ಕೂತಿದ್ದಾರೆ. ಓಡಿಹೋಗಿ ಕೇಳಿದೆ, "ಕೊಟ್ರಾ ಅಣ್ಣ?"

"ವಿಷಯ ಕೇಳಿದಾಗಿಂದ ಅಪ್ಪಾಜಿ ಊಟ ಮುಟ್ಟಿಲ್ಲಮ್ಮ..."

"ಮತ್ತೆ ಆ ಕಾಲೋನಿಯವ್ರು?"

ಅವರು ಜೇಬಿನಲ್ಲಿದ್ದ ಪತ್ರವನ್ನು ಇನ್ನಷ್ಟು ಒಳಕ್ಕೆ ತಳ್ಳಿದರು. ನಾನು ತಿರುಗಿ ಬಂದುಬಿಟ್ಟೆ.

ಮುಂದಿನ ಅಸೆಂಬ್ಲಿ ಚುನಾವಣೆಗೆ ಟಿಕೆಟ್ ತಮಗೇ ಎಂದು ಅಣ್ಣ ನಂಬಿದ್ದರು. ತಂದೆ ಅದನ್ನು ಕಿರಿಯ ಮಗನಿಗೆ ಕೊಡಿಸಿದರು. "ದೊಡ್ಡವನಿಗೆ ಗಟ್ಟಿತನ ಸಾಲದು" ಎಂದರಂತೆ! ಆಗಲೂ ಅಣ್ಣ ಎದುರಾಡಲಿಲ್ಲ. ತಮ್ಮನ ಪ್ರಚಾರದ ಜೀಪಿನಲ್ಲಿ ಮೈಕ್ ಹಿಡಿದು ಹೊರಟರು. ಅದೇ ಕಾಲೋನಿಯಲ್ಲಿ ಮುದುಕಿಯೊಬ್ಬಳು ಜೀಪಿಗೆ ಅಡ್ಡ ನಿಂತು, "ನೀವು ನಮ್ ಜೊತೆ ನೀರು ಹೊತ್ತೋರಲ್ವಾ ಸಾಮಿ? ಇವ್ರಿಗ್ಯಾಕೆ ಓಟ್ ಕೇಳ್ತೀರಾ?" ಎಂದಳಂತೆ. ಅಣ್ಣ ಮೈಕ್ ಆರಿಸಿ ಕೈಮುಗಿದರಂತೆ.

ತಮ್ಮ ಗೆದ್ದರು. ಅಣ್ಣ ಮತ್ತೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ನಾನು ಮದುವೆಯಾಗಿ ವಿಲ್ಸನ್ ಗಾರ್ಡನ್‌ಗೆ ಹೋದೆ. ಆ ಕಾಲೋನಿಗೆ ನಲ್ಲಿ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಬೇರೆ ಯಾರದೋ ಓಡಾಟದಿಂದ.

ಹೋದ ವರ್ಷ ಅಣ್ಣ ತೀರಿಕೊಂಡರು. ನೋಡಲು ಹೋಗಿದ್ದೆ. ಅವರ ತಮ್ಮ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಹೇಳುತ್ತಿದ್ದರು, "ಒಂದು ದಿನಾನೂ ಅಪ್ಪಾಜಿ ಮಾತು ಮೀರಿದವನಲ್ಲ ನಮ್ಮಣ್ಣ." ಹೊಗಳಿಕೆಯೆಂದೇ ಹೇಳುತ್ತಿದ್ದರು. ಕೇಳಿದವರು ತಲೆದೂಗುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಣ್ಣನೊಂದಿಗೆ ಒಂದು ಜಗಳ ಬಾಕಿ ಇತ್ತು... ಆಡಲು ಈಗ ಅವರೇ ಇಲ್ಲ.