ಎದುರು ನೋಡುವ ದಿಕ್ಕು

ನಿಘಂಟಿನ ಕೆಲಸಕ್ಕೆ ಹೊರಟವನು ಬಂಗಾರಪೇಟೆ ಸ್ಟೇಷನ್ನಿನಲ್ಲಿ ಪಕ್ಕದ ಅಜ್ಜಿಯನ್ನು ಮಾತಿಗೆಳೆದೆ. ಮಾರಿಕುಪ್ಪಂನವರು. ಮೊಮ್ಮಗು ಮೊದಲ ಸಲ ಊರಿಗೆ ಬರುತ್ತಿತ್ತು. ಮನೆಯಲ್ಲಿ ಕೂರಲಾಗದೆ ಇಲ್ಲಿಗೇ ಬಂದಿದ್ದರು.

"ಅಜ್ಜಿ, ನಿರೀಕ್ಷೆಗೆ ನಿಮ್ಮ ಕಡೆ ಏನಂತಾರೆ?"

"ಎದುರು ನೋಡಾದು ಅಂತೀವಪ್ಪ. ತೆಲುಗಲ್ಲಿ ಎದುರುಚೂಸೇದಿ, ತಮಿಳಲ್ಲಿ ಎದಿರ್‌ಪಾಕ್ಕುರದು. ಎಲ್ಲಾ ಒಂದೇ. ಬರೋರ ಕಡೆ ಮಕ ಮಾಡ್ಕಂಡು ಕೂರಾದು, ಇಂಗೆ."

ಮೂರು ಭಾಷೆಯಲ್ಲೂ ಅದೇ 'ಎದುರು', ಅದೇ ನೋಟ! ಸಂಸ್ಕೃತದ 'ನಿರೀಕ್ಷೆ'ಯೊಳಗೂ ಇರುವುದು ನೋಟವೇ. ನಾನು ಹಿಗ್ಗಿ ಬರೆದುಕೊಳ್ಳುತ್ತಿದ್ದಂತೆ, ಅಜ್ಜಿಯ ಬೆನ್ನ ಕಡೆಯಿಂದ ರೈಲು ಬಂದು ನಿಂತಿತು.

"ಅಮ್ಮಾ, ಎಲ್ಲಿ ನೋಡ್ತಾ ಇದೀಯಾ?" ಮಗಳು ಇಳಿದು ಬಂದು ಕೂಸನ್ನು ಮಡಿಲಿಗೆ ಹಾಕಿದಳು.

"ನಮ್ಮೂರಾಗೆ ಹಳಿ ಮುಗೀತದೆ ಕಣೇ, ರೈಲು ಬರಾದು ಒಂದೇ ಕಡೆಯಿಂದ!" ಅಜ್ಜಿ ನಗುತ್ತಲೇ ಕೂಸನ್ನು ಅಪ್ಪಿಕೊಂಡರು.

ನಿಘಂಟಿಗೆ ಅಜ್ಜಿ ಹೇಳಿದ ಅರ್ಥವನ್ನೇ ಕೊಟ್ಟಿದ್ದೇನೆ. ಯಾವ ಕಡೆ ನೋಡಬೇಕೆಂದು ಮಾತ್ರ ಬರೆದಿಲ್ಲ.